ಶಾಖ ಸಾಗಿಸುವ ಸುತ್ತು: ಚಾಂಪಿಯನ್ ರೀಫ್ ಗಣಿಯಿಂದ ಕಾರಿನ ಎ.ಸಿ.ವರೆಗೆ

ಕೋಲಾರ ಚಿನ್ನದ ಗಣಿಗಳ ಪೈಕಿ ಅತ್ಯಂತ ಆಳವಾದ ಚಾಂಪಿಯನ್ ರೀಫ್ ಗಣಿ ನೆಲಮಟ್ಟದಿಂದ ಸುಮಾರು 3,200 ಮೀಟರ್ ಕೆಳಗಿನವರೆಗೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಸಹಜ ಉಷ್ಣತೆಯೇ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇಂತಹ ಬಂಡೆಗಳ ನಡುವೆ ಮನುಷ್ಯ ನಿಂತು ದುಡಿಯಬೇಕಾದರೆ ಮೇಲಿನ ಗಾಳಿಯನ್ನು ಕೆಳಕ್ಕೆ ನೂಕಿದರಷ್ಟೇ ಸಾಲುತ್ತಿರಲಿಲ್ಲ, ಏಕೆಂದರೆ ಶಾಫ್ಟಿನಲ್ಲಿ ಇಳಿಯುವ ಗಾಳಿ ತನ್ನ ಮೇಲಿರುವ ಗಾಳಿಯ ಭಾರಕ್ಕೆ ಸಿಕ್ಕಿ ಒತ್ತಿಕೊಳ್ಳುತ್ತಾ, ಒಣಗಾಳಿಯಾಗಿದ್ದರೆ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಮೇಲೆ ಹಿತವಾಗಿದ್ದ ಗಾಳಿ ತಳ ಮುಟ್ಟುವ ಹೊತ್ತಿಗೆ, ಬಂಡೆಯನ್ನು ಸೋಕುವ ಮೊದಲೇ, ಸುಡುಗಾಳಿಯಾಗಿರುತ್ತದೆ. ದೂಳು ಅಡಗಿಸಲು ಚಿಮುಕಿಸುವ ನೀರಿನ ತೇವವೂ ಅದಕ್ಕೆ ಸೇರಿದರೆ ಬೆವರು ಆರುವುದೇ ನಿಂತುಹೋಗುತ್ತದೆ. ಬೆವರು ಆರದ ದೇಹ ತನ್ನ ಶಾಖವನ್ನು ಹೊರಹಾಕಲಾರದು. ಈ ಕಾರಣದಿಂದಲೇ 1930ರ ದಶಕದಲ್ಲಿ ಕೋಲಾರದ ಗಣಿಗಳಲ್ಲಿ ಯಂತ್ರಗಳಿಂದ ಗಾಳಿಯನ್ನು ತಂಪಾಗಿಸುವ ವ್ಯವಸ್ಥೆ ಬಂತು. ಜಗತ್ತಿನಲ್ಲಿ ಗಣಿಯೊಳಗಿನ ಗಾಳಿಯನ್ನು ಶೀತಲೀಕರಿಸಿದ ಮೊದಮೊದಲ ತಾಣಗಳ ಸಾಲಿನಲ್ಲಿ, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾದ ಗಣಿಗಳ ಜೊತೆಗೆ, ಕೋಲಾರದ ಹೆಸರೂ ಇದೆ. ಕಾರಿಗೆ ಕಾರ್ಖಾನೆಯಲ್ಲೇ ಎ.ಸಿ. ಜೋಡಿಸಿ ಮಾರುವ ಪದ್ಧತಿ ಅಮೆರಿಕದ ಪ್ಯಾಕರ್ಡ್ ಕಂಪನಿಯ 1940ರ ಮಾದರಿಯೊಂದಿಗೆ ಶುರುವಾಯಿತು ಎಂಬುದನ್ನು ನೆನೆದರೆ, ಈ ನೆಲದ ಅನುಭವ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಗಣಿಯ ದೈತ್ಯ ಯಂತ್ರಕ್ಕೂ ಇಂದು ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಸಾಗುವ ಪುಟ್ಟ ಕಾರಿನ ಎ.ಸಿ.ಗೂ ಗಾತ್ರದಲ್ಲಿ ಅಗಾಧ ಅಂತರವಿದ್ದರೂ ತತ್ತ್ವ ಒಂದೇ. ತಂಪು ಎಂಬುದು ತಯಾರಿಸಿ ತುಂಬಬಹುದಾದ ವಸ್ತುವಲ್ಲ. ಒಂದು ಜಾಗದಲ್ಲಿರುವ ಶಾಖವನ್ನು ಎತ್ತಿ ಇನ್ನೊಂದು ಜಾಗಕ್ಕೆ ಸಾಗಿಸಿದಾಗ ಮೊದಲ ಜಾಗದಲ್ಲಿ ಉಳಿಯುವ ಸ್ಥಿತಿಗೆ ತಂಪು ಎಂದು ಹೆಸರು. ಶಾಖವು ತಾನಾಗಿಯೇ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆಯೇ ಹೊರತು ಎಂದಿಗೂ ಅದಕ್ಕೆ ವಿರುದ್ಧವಾಗಿ ಹರಿಯದು. 25 ಡಿಗ್ರಿಯ ಕಾರಿನ ಒಳಗಿನಿಂದ 38 ಡಿಗ್ರಿಯ ರಸ್ತೆಗೆ ಅದನ್ನು ಸಾಗಿಸಬೇಕಾದರೆ ನಡುವೆ ಒಂದು ವಾಹಕ ಬೇಕು, ಆ ವಾಹಕವನ್ನು ನಡೆಸಲು ಶಕ್ತಿಯ ವೆಚ್ಚವೂ ಬೇಕು. ಆ ವಾಹಕವೇ ಶೀತಕ, ಗ್ಯಾರೇಜಿನ ಮಾತಿನಲ್ಲಿ ‘ಗ್ಯಾಸ್’. ಗಣಿಯ ಕೇಜು ತಳದಲ್ಲಿ ಅದಿರು ತುಂಬಿಕೊಂಡು ಮೇಲಕ್ಕೆ ಬಂದು, ಅಲ್ಲಿ ಸುರಿದು, ಬರಿದಾಗಿ ಮತ್ತೆ ಕೆಳಗಿಳಿಯುತ್ತಿದ್ದ ಹಾಗೆ ಶೀತಕವೂ ಕಾರಿನ ಒಳಗೆ ಶಾಖ ತುಂಬಿಕೊಂಡು, ಮುಂಭಾಗದ ಜಾಲರಿಯ ಬಳಿ ಅದನ್ನು ಸುರಿದು, ಮತ್ತೆ ಒಳಗೆ ಮರಳುತ್ತದೆ. ಈ ಓಡಾಟದಲ್ಲಿ ಅದು ಸವೆಯುವುದಿಲ್ಲ, ಉರಿಯುವುದಿಲ್ಲ, ಪೆಟ್ರೋಲಿನಂತೆ ಖರ್ಚಾಗುವುದೂ ಇಲ್ಲ. ಕಾರು ಇರುವವರೆಲ್ಲರೂ ತಿಳಿದಿರಬೇಕಾದ ಮುಖ್ಯ ಸಂಗತಿ ಇದು.

ಶಾಖವನ್ನು ತುಂಬಿಕೊಳ್ಳುವುದು, ಸುರಿಯುವುದು ಎಂದರೇನೆಂಬುದನ್ನು ತಿಳಿಯಲು ಕುದಿಯುವ ಕ್ರಿಯೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ದ್ರವವೊಂದು ಆವಿಯಾಗುವಾಗ ಸುತ್ತಲಿನಿಂದ ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ, ಆದರೆ ಆ ಹೊತ್ತಿನಲ್ಲಿ ಅದರ ಉಷ್ಣತೆ ಏರುವುದಿಲ್ಲ. ಹೀರಿದ ಶಾಖವೆಲ್ಲ ದ್ರವದ ಅಣುಗಳನ್ನು ಬಿಡಿಸಿ ಆವಿಯಾಗಿಸುವ ಕೆಲಸಕ್ಕೆ ಸಲ್ಲುತ್ತದೆ. ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಅದೇ ಆವಿ ಮತ್ತೆ ದ್ರವವಾಗುವಾಗ ಅಷ್ಟೂ ಶಾಖವನ್ನು ಹೊರಗೆಡಹುತ್ತದೆ. ಯಾವ ಉಷ್ಣತೆಯಲ್ಲಿ ದ್ರವ ಕುದಿಯುತ್ತದೆ ಎಂಬುದು ಅದರ ಮೇಲಿರುವ ಒತ್ತಡವನ್ನು ಅವಲಂಬಿಸಿದೆ, ಮತ್ತು ಇದಕ್ಕೆ ಈ ಗಣಿಗಳ ಊರಾದ ಕೆ.ಜಿ.ಎಫ್.ಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿನ ವಾಯುವಿನ ಒತ್ತಡ ಕಡಲತೀರಕ್ಕಿಂತ ಕಡಿಮೆ. ಅಲ್ಲಿನ ಅಡುಗೆಮನೆಯ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕಾಯದೆ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದೇ ಊರಿನ ಕೆಳಗೆ, ಚಾಂಪಿಯನ್ ರೀಫ್‌ನ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗಿದೆ. ಮೂರು ಕಿಲೋಮೀಟರ್ ಎತ್ತರದ ಗಾಳಿಯ ಕಂಬ ಒತ್ತುವ ಆ ತಾಣದಲ್ಲಿ ನೀರು ಕುದಿಯಬೇಕಾದರೆ ಅದನ್ನು 105 ಡಿಗ್ರಿಗೂ ಮೇಲೆ ಕಾಯಿಸಬೇಕು. ಒಂದೇ ಊರು, ಒಂದೇ ನೀರು, ಆದರೆ ಒತ್ತಡ ಬದಲಾದಂತೆ ಕುದಿಯುವ ಬಿಂದುವೂ ಬದಲಾಗುತ್ತದೆ. ಒತ್ತಡವನ್ನು ಇಳಿಸಿ ದ್ರವವನ್ನು ತಣ್ಣನೆಯ ಜಾಗದಲ್ಲಿ ಕುದಿಸುವುದು, ಒತ್ತಡವನ್ನು ಏರಿಸಿ ಆವಿಯನ್ನು ಬಿಸಿ ಜಾಗದಲ್ಲೇ ದ್ರವವಾಗಿಸುವುದು: ಎ.ಸಿ. ಯಂತ್ರದ ಎಲ್ಲ ಭಾಗಗಳೂ ಇರುವುದು ಈ ಎರಡು ಕೆಲಸಗಳಿಗಾಗಿ.

ನೀರು ಈ ಕೆಲಸಕ್ಕೆ ಒಗ್ಗದು. ಕಾರಿನ ಒಳಗಿನ ಉಷ್ಣತೆಯಲ್ಲಿ ಅದನ್ನು ಕುದಿಸಲು ಹೆಚ್ಚುಕಡಿಮೆ ನಿರ್ವಾತವನ್ನೇ ಸೃಷ್ಟಿಸಬೇಕಾಗುತ್ತದೆ. ಆದ್ದರಿಂದ ಬಹಳ ಕೆಳಗಿನ ಉಷ್ಣತೆಯಲ್ಲಿ ಕುದಿಯುವ ವಸ್ತುಗಳನ್ನು ಆರಿಸಿಕೊಳ್ಳುತ್ತಾರೆ. ಭಾರತದ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿ ಬಳಕೆಯಲ್ಲಿರುವುದು ಆರ್-134ಎ ಎಂಬ ಶೀತಕ. ಸಮುದ್ರಮಟ್ಟದ ವಾಯು ಒತ್ತಡದಲ್ಲಿ ಅದರ ಕುದಿಬಿಂದು ಮೈನಸ್ 26 ಡಿಗ್ರಿ. ತೆರೆದಿಟ್ಟರೆ ಕ್ಷಣದಲ್ಲಿ ಆವಿಯಾಗಿ ಹಾರಿಹೋಗುವ, ಚರ್ಮಕ್ಕೆ ತಾಗಿದರೆ ಹಿಮಗಾಯ ಮಾಡುವ ಈ ವಸ್ತುವನ್ನು ಮುಚ್ಚಿದ ಕೊಳವೆಗಳ ಒಳಗೆ ಮಾತ್ರ ನಿಭಾಯಿಸಲು ಸಾಧ್ಯ. ಸಣ್ಣ ಕಾರೊಂದರ ಎ.ಸಿ.ಯಲ್ಲಿ ಇರುವ ಶೀತಕದ ಒಟ್ಟು ಪ್ರಮಾಣ ಸಾಮಾನ್ಯವಾಗಿ ಅರ್ಧ ಕಿಲೋಗ್ರಾಮಿನ ಆಸುಪಾಸು. ಕಾರಿನ ಬಾನೆಟ್ಟಿನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಅದರ ನಿಖರ ತೂಕವನ್ನು ಗ್ರಾಮುಗಳಲ್ಲಿ ನಮೂದಿಸಿರುತ್ತಾರೆ.

ಸುತ್ತಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಆದರೂ ವಿವರಣೆಯನ್ನು ಕಂಪ್ರೆಸರಿನಿಂದ ಶುರುಮಾಡುವುದು ವಾಡಿಕೆ. ಕಂಪ್ರೆಸರ್, ಅಂದರೆ ಸಂಪೀಡಕ, ಎಂಜಿನ್ನಿನ ಪಕ್ಕದಲ್ಲಿದ್ದು ಬೆಲ್ಟಿನ ಮೂಲಕ ಎಂಜಿನ್ನಿನ ಶಕ್ತಿಯಿಂದಲೇ ತಿರುಗುತ್ತದೆ. ಅದರ ರಾಟೆಗೂ ಒಳಗಿನ ದಂಡಕ್ಕೂ ನಡುವೆ ವಿದ್ಯುತ್ಕಾಂತದ ಕ್ಲಚ್ ಒಂದಿರುತ್ತದೆ, ಚಾಲಕ ಎ.ಸಿ. ಗುಂಡಿ ಒತ್ತಿದಾಗ ಕೇಳಿಸುವ ‘ಟಕ್’ ಸದ್ದು ಈ ಕ್ಲಚ್ ಹಿಡಿದುಕೊಂಡದ್ದರ ಗುರುತು. ಒಳಗೆ ಬರುವುದು ಕಡಿಮೆ ಒತ್ತಡದ ತಣ್ಣನೆಯ ಆವಿ, ಅದರ ಒತ್ತಡ ಹೊರಗಿನ ವಾಯುವಿನ ಒತ್ತಡದ ಸುಮಾರು ಮೂರು ಪಟ್ಟು. ಹೊರಡುವುದು ಹದಿಮೂರರಿಂದ ಹದಿನೇಳು ಪಟ್ಟಿನವರೆಗೂ ಒತ್ತಡವಿರುವ, 70 ಡಿಗ್ರಿಗೂ ಮೀರಿ ಕಾದ ಆವಿ. ಒತ್ತಿದ ಅನಿಲ ಕಾಯುತ್ತದೆ ಎಂಬ, ಶಾಫ್ಟಿನಲ್ಲಿ ಇಳಿಯುವ ಗಾಳಿಯನ್ನು ಬಿಸಿಮಾಡಿ ಗಣಿಗಾರರನ್ನು ಕಾಡುತ್ತಿದ್ದ ಅದೇ ನಿಯಮವನ್ನು ಇಲ್ಲಿ ಎಂಜಿನಿಯರುಗಳು ಬೇಕೆಂದೇ ಬಳಸಿಕೊಂಡಿದ್ದಾರೆ. ಶೀತಕವು ರಸ್ತೆಯ ಗಾಳಿಗಿಂತ ಹೆಚ್ಚು ಬಿಸಿಯಾದಾಗ ಮಾತ್ರ ಅದರಲ್ಲಿರುವ ಶಾಖ ರಸ್ತೆಯ ಗಾಳಿಗೆ ಹರಿದು ಹೋಗಬಲ್ಲದು. ತಂಪು ಮಾಡುವ ಯಂತ್ರದ ಮೊದಲ ಕೆಲಸ ತನ್ನ ವಾಹಕವನ್ನು ಕಾಯಿಸುವುದು ಎಂಬುದರ ಅರ್ಥ ಇದು.

ಹೀಗೆ ಕಾದ ಆವಿ ಕಾರಿನ ಮುಂಭಾಗದಲ್ಲಿ, ರೇಡಿಯೇಟರಿನ ಎದುರಿಗೆ ಇರುವ ಕಂಡೆನ್ಸರನ್ನು ಹೊಗುತ್ತದೆ. ಕಂಡೆನ್ಸರ್ ಎಂದರೆ ಚಪ್ಪಟೆಯಾದ ಅಲ್ಯೂಮಿನಿಯಂ ಕೊಳವೆಗಳ ಸಾಲು ಮತ್ತು ಆ ಕೊಳವೆಗಳ ನಡುವೆ ಒತ್ತೊತ್ತಾಗಿ ಬೆಸೆದ ತೆಳುವಾದ ರೆಕ್ಕೆಗಳು. ಕಾರು ಓಡುವಾಗ ಎದುರು ಬರುವ ಗಾಳಿ, ನಿಂತಾಗ ಫ್ಯಾನು ಎಳೆಯುವ ಗಾಳಿ ಈ ರೆಕ್ಕೆಗಳ ನಡುವೆ ಹಾದುಹೋಗುತ್ತದೆ. ಆವಿ ಮೊದಲು ತನ್ನ ಹೆಚ್ಚುವರಿ ಬಿಸಿಯನ್ನು ಕಳೆದುಕೊಂಡು, 50ರಿಂದ 60 ಡಿಗ್ರಿಯ ಮಟ್ಟಕ್ಕೆ ಇಳಿದಾಗ, ಅಲ್ಲಿನ ಅಧಿಕ ಒತ್ತಡದ ಕಾರಣದಿಂದ, ದ್ರವವಾಗತೊಡಗುತ್ತದೆ. ಶಾಖದ ಬಹುಭಾಗ ಹೊರಬೀಳುವುದು ಈ ಹಂತದಲ್ಲಿ. ಹೀಗೆ ಹೊರಬೀಳುವ ಶಾಖ ಕಾರಿನ ಒಳಗಿನಿಂದ ತಂದದ್ದಷ್ಟೇ ಅಲ್ಲ. ಕಂಪ್ರೆಸರ್ ಒತ್ತುವಾಗ ಖರ್ಚು ಮಾಡಿದ ಶಕ್ತಿಯೂ ಶಾಖವಾಗಿ ಅದರೊಡನೆ ಸೇರಿಕೊಂಡಿರುತ್ತದೆ. ಆದ್ದರಿಂದ ಕಂಡೆನ್ಸರ್ ಹೊರಹಾಕಬೇಕಾದ ಶಾಖ ಯಾವಾಗಲೂ ಒಳಗೆ ಹೀರಿದ ಶಾಖಕ್ಕಿಂತ ಹೆಚ್ಚು, ಮತ್ತು ಇಡೀ ವ್ಯವಸ್ಥೆಯ ಸಾಮರ್ಥ್ಯ ಬಹುಮಟ್ಟಿಗೆ ಈ ಒಂದು ಭಾಗದ ಶುಚಿತ್ವವನ್ನು ಅವಲಂಬಿಸಿರುತ್ತದೆ.

ಕಂಡೆನ್ಸರಿನಿಂದ ಹೊರಟ ದ್ರವ ಡ್ರೈಯರ್ ಎಂಬ ಸಣ್ಣ ಡಬ್ಬಿಯ ಮೂಲಕ, ಅಥವಾ ಇತ್ತೀಚಿನ ಕಾರುಗಳಲ್ಲಿ ಕಂಡೆನ್ಸರಿನ ಬದಿಗೇ ಸೇರಿಸಿರುವ ಕೊಳವೆಯ ಮೂಲಕ ಹಾದುಬರುತ್ತದೆ. ಅಲ್ಲಿ ತೇವವನ್ನು ಹೀರುವ ಹರಳುಗಳಿದ್ದು, ಶೀತಕದೊಳಗೆ ನುಸುಳಿದ ನೀರಿನ ಅಂಶವನ್ನು ಹಿಡಿದಿಡುತ್ತವೆ. ಕಸ ಸೋಸುವ ಜಾಲರಿಯೂ ಇರುತ್ತದೆ. ಮುಂದಿನದು ಎಕ್ಸ್‌ಪಾನ್ಶನ್ ವಾಲ್ವ್. ಇದರ ಕಂಡಿ ಅತಿ ಸಣ್ಣದು. ಅಧಿಕ ಒತ್ತಡದ ದ್ರವ ಆ ಕಂಡಿಯಿಂದ ನುಗ್ಗಿ ಆಚೆಬದಿಗೆ ಬೀಳುತ್ತಿದ್ದಂತೆ ಅದರ ಮೇಲಿನ ಒತ್ತಡ ಒಮ್ಮೆಲೇ ಕುಸಿಯುತ್ತದೆ. ಒತ್ತಡ ಕುಸಿದಾಗ ಕುದಿಬಿಂದುವೂ ಕುಸಿಯುತ್ತದೆ, ಆದ್ದರಿಂದ ದ್ರವದ ಒಂದು ಭಾಗ ಅಲ್ಲೇ ಆವಿಯಾಗಿ, ಅದಕ್ಕೆ ಬೇಕಾದ ಶಾಖವನ್ನು ಉಳಿದ ದ್ರವದಿಂದಲೇ ಕಿತ್ತುಕೊಳ್ಳುತ್ತದೆ. ಕ್ಷಣಾರ್ಧದ ಹಿಂದೆ 50 ಡಿಗ್ರಿ ಇದ್ದ ಶೀತಕ ಕಂಡಿ ದಾಟಿದೊಡನೆ ಸೊನ್ನೆ ಡಿಗ್ರಿಯ ಸಮೀಪಕ್ಕೆ ಇಳಿದು, ದ್ರವ ಮತ್ತು ಆವಿಯ ತಣ್ಣನೆಯ ಮಿಶ್ರಣವಾಗಿ ಮುಂದೆ ಸಾಗುತ್ತದೆ. ಇಲ್ಲಿ ಯಾವ ಚಕ್ರವೂ ತಿರುಗುವುದಿಲ್ಲ, ಯಾವ ಶಕ್ತಿಯೂ ಖರ್ಚಾಗುವುದಿಲ್ಲ. ಆದರೂ ಇಡೀ ಸುತ್ತಿನ ಅತ್ಯಂತ ದೊಡ್ಡ ಬದಲಾವಣೆ ಇದೇ ಬಟಾಣಿ ಗಾತ್ರದ ಜಾಗದಲ್ಲಿ ನಡೆಯುತ್ತದೆ ಎಂಬುದು ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ.

ಕೊನೆಯ ತಾಣ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಎವಾಪರೇಟರ್, ಮೆಕ್ಯಾನಿಕರ ಮಾತಿನಲ್ಲಿ ‘ಕೂಲಿಂಗ್ ಕಾಯಿಲ್’. ಬ್ಲೋವರ್ ಕಾರಿನ ಒಳಗಿನ ಬಿಸಿ ಗಾಳಿಯನ್ನು ಎಳೆದು ಈ ಕಾಯಿಲಿನ ರೆಕ್ಕೆಗಳ ನಡುವೆ ನೂಕುತ್ತದೆ. ಆ ಗಾಳಿಯ ಶಾಖವನ್ನು ಹೀರಿ ಉಳಿದ ದ್ರವವೆಲ್ಲ ಕುದಿದು ಆವಿಯಾಗುತ್ತದೆ. ಶಾಖ ಕಳೆದುಕೊಂಡ ಗಾಳಿ ತಂಪಾಗಿ ಕಿಂಡಿಗಳಿಂದ ಹೊರಬರುತ್ತದೆ. ಪ್ರತಿ ಕಿಲೋಗ್ರಾಂ ಆರ್-134ಎ ಸೊನ್ನೆ ಡಿಗ್ರಿಯಲ್ಲಿ ಪೂರ್ತಿ ಆವಿಯಾಗಲು ಸುಮಾರು 198 ಕಿಲೋಜೂಲ್ ಶಾಖ ಬೇಕು. ಸಾಧಾರಣ ಕಾರಿನ ಎ.ಸಿ. ನಾಲ್ಕು ಕಿಲೋವ್ಯಾಟಿನಷ್ಟು ಶಾಖವನ್ನು ಎತ್ತಬೇಕೆಂದು ಲೆಕ್ಕ ಹಾಕಿದರೆ, ಒಂದು ಭಾಗ ಕಂಡಿಯಲ್ಲೇ ಆವಿಯಾಗಿಬಿಟ್ಟಿರುವುದರಿಂದ, ಒಳಗಿರುವ ಅರ್ಧ ಕಿಲೋ ಶೀತಕ ನಿಮಿಷಕ್ಕೆ ಮೂರು ನಾಲ್ಕು ಬಾರಿಯಾದರೂ ಇಡೀ ಸುತ್ತನ್ನು ಪೂರೈಸಬೇಕಾಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ ಕಾಯಿಲಿನಿಂದ ಹೊರಡುವ ಆವಿಯ ಉಷ್ಣತೆಯನ್ನು ಗಮನಿಸುತ್ತಾ ತನ್ನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ, ಏಕೆಂದರೆ ಹೊರಡುವ ಶೀತಕದಲ್ಲಿ ದ್ರವದ ಹನಿ ಉಳಿಯಬಾರದು. ಆವಿಯನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು, ದ್ರವ ಸೇರಿದ ಕಂಪ್ರೆಸರ್ ಮುರಿಯುತ್ತದೆ. ಕಾಯಿಲಿನ ಉಷ್ಣತೆ ತೀರಾ ಇಳಿದರೆ ರೆಕ್ಕೆಗಳ ಮೇಲೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚಿಹೋಗುತ್ತದೆಯಾದ್ದರಿಂದ, ಅದಕ್ಕೆ ಮೊದಲೇ ಒಂದು ಸಂವೇದಕ ಕ್ಲಚ್ಚನ್ನು ಬಿಡಿಸಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆವಿಯಾದ ಶೀತಕ ಮರಳಿ ಕಂಪ್ರೆಸರಿಗೆ ಬಂದಾಗ ಒಂದು ಸುತ್ತು ಮುಗಿಯುತ್ತದೆ.

ತಣ್ಣನೆಯ ಕಾಯಿಲನ್ನು ಸೋಕಿದ ಗಾಳಿಯ ತೇವ ಹನಿಯಾಗಿ ಕೆಳಗಿಳಿದು ರಬ್ಬರ್ ಕೊಳವೆಯಿಂದ ರಸ್ತೆಗೆ ತೊಟ್ಟಿಕ್ಕುತ್ತದೆ. ನಿಲ್ಲಿಸಿದ ಕಾರಿನಡಿಯಲ್ಲಿ ಕಾಣುವ ಈ ಶುದ್ಧ ನೀರನ್ನು ಕಂಡು ಗ್ಯಾಸ್ ಸೋರುತ್ತಿದೆಯೆಂದು ಗಾಬರಿಗೊಳ್ಳುವವರಿದ್ದಾರೆ. ಅದು ಸೋರಿಕೆಯಲ್ಲ, ಎ.ಸಿ. ಸರಿಯಾಗಿ ನಡೆಯುತ್ತಿರುವುದರ ಲಕ್ಷಣ. ಕೋಲಾರದಂತಹ ಒಣಸೀಮೆಯಲ್ಲಿ ಬೇಸಿಗೆಯ ಹನಿಗಳು ಕಡಿಮೆ, ಮಂಗಳೂರಿನಂತಹ ಕರಾವಳಿಯ ಊರಿನಲ್ಲಿ ಹೆಚ್ಚು. ಅಲ್ಲಿ ಯಂತ್ರದ ಶ್ರಮದ ಒಂದು ದೊಡ್ಡ ಪಾಲು ಗಾಳಿಯ ತೇವವನ್ನು ಕಳೆಯುವುದಕ್ಕೇ ಹೋಗುತ್ತದೆ.

ಒಣಸೀಮೆಯ ಕಾರಿಗೆ ಬೇರೆ ಕಷ್ಟಗಳಿವೆ. ಮೊದಲನೆಯದು ನಿಂತಲ್ಲೇ ಎಂಜಿನ್ ಓಡಿಸುವ ಹೊತ್ತು. ಬಂಗಾರಪೇಟೆಯಂತಹ ಊರಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ರಸ್ತೆಯ ದಟ್ಟಣೆಗೆ ಸಿಕ್ಕಿ ನಿಂತ ಕಾರಿಗೆ ಎದುರುಗಾಳಿ ಇರುವುದಿಲ್ಲ. ಎಂಜಿನ್ ನಿಧಾನವಾಗಿ ತಿರುಗುವುದರಿಂದ ಕಂಪ್ರೆಸರಿನ ವೇಗವೂ ಕಡಿಮೆ. ಕಂಡೆನ್ಸರಿಗೆ ಸಿಗುವುದು ಕಾದ ಡಾಂಬರಿನ ಮೇಲಿನ ಗಾಳಿ ಮತ್ತು ಮುಂದಿನ ವಾಹನದ ಹೊಗೆ. ಬೇತಮಂಗಲದ ಕಡೆಗೆ ಓಡುವಾಗ ಚೆನ್ನಾಗಿ ತಂಪು ಕೊಡುವ ಅದೇ ಎ.ಸಿ. ಪೇಟೆಯಲ್ಲಿ ನಿಂತಾಗ ಸೋಲುವುದಕ್ಕೆ ಶೀತಕದ ಕೊರತೆಯೇ ಕಾರಣವೆಂದು ಭಾವಿಸಬೇಕಾಗಿಲ್ಲ; ಮೊದಲು ನೋಡಬೇಕಾದದ್ದು ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ ಎಂಬುದನ್ನು.

ಎರಡನೆಯ ಕಷ್ಟ ದೂಳು. ನೂರಿಪ್ಪತ್ತು ವರ್ಷಗಳ ಗಣಿಗಾರಿಕೆ ಕೆ.ಜಿ.ಎಫ್.ನಲ್ಲಿ ಉಳಿಸಿಹೋದ, ಜನ ಸೈನೈಡ್ ದಿಬ್ಬಗಳೆಂದು ಕರೆಯುವ ಗುಡ್ಡಗಳಲ್ಲಿ 3 ಕೋಟಿ ಟನ್ನಿಗೂ ಮಿಕ್ಕಿದ ಪುಡಿಬಂಡೆ ಇದೆ. ಚಿನ್ನ ತೆಗೆಯಲೆಂದು ಹಿಟ್ಟಿನಷ್ಟು ನುಣುಪಾಗಿ ಅರೆದು ಬಿಟ್ಟ ಈ ಪುಡಿ ಗಾಳಿಯ ತಿಂಗಳುಗಳಲ್ಲಿ ಎದ್ದು ಸುತ್ತಲಿನ ಬಡಾವಣೆಗಳ ಮೇಲೆ ಹರಡುತ್ತದೆ. ಊರಿನವರ ಶ್ವಾಸಕೋಶಕ್ಕೆ ಇದರಿಂದ ಆಗುವ ಹಾನಿಯ ಮುಂದೆ ಕಾರಿನ ಮಾತು ಬಹಳ ಸಣ್ಣದು. ಆ ಹಾನಿಯನ್ನು ತಡೆಯುವ ಕೆಲಸ ಎಂದೋ ಪೂರ್ತಿಯಾಗಬೇಕಿತ್ತು. ಆದರೂ ಹೇಳಬೇಕಾದದ್ದು ಇಷ್ಟು: ಇಂತಹ ನುಣುಪು ದೂಳು ಕಂಡೆನ್ಸರಿನ ರೆಕ್ಕೆಗಳ ನಡುವೆ ಕೂತು, ಮಳೆಯ ಹನಿಗೆ ಕಚ್ಚಿಕೊಂಡು, ಗಾಳಿಯ ದಾರಿಯನ್ನು ಮುಚ್ಚುತ್ತದೆ. ಶಾಖ ಹೊರಹೋಗದಿದ್ದರೆ ಕಂಡೆನ್ಸರಿನ ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಎದುರಾಗಿ ಕಂಪ್ರೆಸರ್ ಹೆಚ್ಚು ದುಡಿಯಬೇಕಾಗುತ್ತದೆ, ಪೆಟ್ರೋಲ್ ಹೆಚ್ಚು ಉರಿಯುತ್ತದೆ, ತಂಪು ಮಾತ್ರ ಕಡಿಮೆಯಾಗುತ್ತದೆ. ರೆಕ್ಕೆಗಳು ಬಾಗದಂತೆ ಮೆಲುವಾದ ನೀರಿನ ಧಾರೆಯಿಂದ ಕಂಡೆನ್ಸರನ್ನು ತೊಳೆಸುವುದು, ಡ್ಯಾಶ್‌ಬೋರ್ಡಿನ ಒಳಗಿನ ಗಾಳಿಯ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು, ದೂಳೆದ್ದಾಗ ಹೊರಗಾಳಿಯ ಕಿಂಡಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸುವುದು ಇವಿಷ್ಟನ್ನು ಮಾಡಿದರೆ ‘ಗ್ಯಾಸ್ ಕಮ್ಮಿಯಾಗಿದೆ’ ಎಂಬ ಎಷ್ಟೋ ದೂರುಗಳು ತಾವಾಗಿಯೇ ಇಲ್ಲವಾಗುತ್ತವೆ. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಹತ್ತಿದೊಡನೆ ಕಿಟಕಿಗಳನ್ನು ಒಂದೆರಡು ನಿಮಿಷ ತೆರೆದಿಟ್ಟು ಓಡಿಸುವುದೂ ಒಳ್ಳೆಯದು, ಏಕೆಂದರೆ 50 ಡಿಗ್ರಿ ದಾಟಿದ ಒಳಗಾಳಿಯನ್ನು ಹೊರದೂಡಲು ಬೀಸುವ ಗಾಳಿಗಿಂತ ಅಗ್ಗದ ಸಾಧನ ಬೇರೆ ಇಲ್ಲ.

ಗಣಿಯ ಅನುಭವ ಇನ್ನೊಂದು ಪಾಠವನ್ನೂ ಕಲಿಸಿದೆ. ಮೇಲ್ಮೈಯಲ್ಲಿ ತಂಪಾಗಿಸಿದ ಗಾಳಿಯನ್ನು ಶಾಫ್ಟಿನಲ್ಲಿ ಬಿಟ್ಟರೆ ಅದು ತಳ ತಲುಪುವಷ್ಟರಲ್ಲಿ ತನ್ನ ತಂಪನ್ನು ದಾರಿಯುದ್ದಕ್ಕೂ ಕಳೆದುಕೊಳ್ಳುತ್ತದೆ. ತಂಪು ಮಾಡುವ ತಾಣ ದುಡಿಯುವವನಿಗೆ ಹತ್ತಿರವಾದಷ್ಟೂ ಫಲ ಹೆಚ್ಚು. ಕಾರಿನಲ್ಲಿ ಕಂಪ್ರೆಸರ್, ಕಂಡೆನ್ಸರ್ ಮುಂತಾದವನ್ನೆಲ್ಲ ಎಂಜಿನ್ ಕೋಣೆಯಲ್ಲಿಟ್ಟು ಕೂಲಿಂಗ್ ಕಾಯಿಲನ್ನು ಮಾತ್ರ ಪ್ರಯಾಣಿಕರ ಎದುರಿಗೇ ಇಟ್ಟಿರುವುದು ಇದೇ ತಿಳಿವಳಿಕೆಯಿಂದ. ತಣ್ಣನೆಯ ಗಾಳಿಯನ್ನು ದೂರ ಸಾಗಿಸುವುದಕ್ಕಿಂತ ದ್ರವ ಶೀತಕವನ್ನು ಸಣ್ಣ ಕೊಳವೆಯಲ್ಲಿ ಸಾಗಿಸಿ, ಬೇಕಾದಲ್ಲಿ ಕುದಿಸುವುದು ಸುಲಭ. ಇನ್ನು ಶಕ್ತಿಯ ವಿಚಾರ: ಕಾರಿಗೆ ಎಂಜಿನ್ ಇರುವಂತೆ ಗಣಿಗಳಿಗೆ ಕಾವೇರಿ ಇದ್ದಳು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ತಂತಿಮಾರ್ಗದಲ್ಲಿ ಬಂದ ವಿದ್ಯುತ್ತು ಇಲ್ಲಿನ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಂಪನಿ ಇಂದು ಕೆ.ಜಿ.ಎಫ್.ನಲ್ಲಿ ಮಣ್ಣು ಅಗೆಯುವ ಭಾರೀ ಯಂತ್ರಗಳನ್ನು ತಯಾರಿಸುತ್ತಿದೆ. ಇಂತಹ ಯಂತ್ರಗಳ ಚಾಲಕನ ಕೋಣೆಗೆ ಎ.ಸಿ. ಅಳವಡಿಸಿದಾಗಲೂ ಶೀತಕ ಹಾಯುವುದು ಇದೇ ಐದು ತಾಣಗಳ ಮೂಲಕ. ವಿದ್ಯುತ್ ಕಾರುಗಳಲ್ಲಿ ಬೆಲ್ಟಿನ ಬದಲು ಮೋಟಾರು ಕಂಪ್ರೆಸರನ್ನು ತಿರುಗಿಸುತ್ತದೆ, ಮತ್ತು ಎಷ್ಟೋ ಮಾದರಿಗಳಲ್ಲಿ ಶೀತಕವು ಪ್ರಯಾಣಿಕರ ಜೊತೆಗೆ ಬ್ಯಾಟರಿಯ ಶಾಖವನ್ನೂ ಹೊತ್ತೊಯ್ಯುತ್ತದೆ.

ಶೀತಕ ಖರ್ಚಾಗುವ ವಸ್ತುವಲ್ಲ ಎಂಬ ಮಾತಿಗೆ ಮರಳಬೇಕು. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕಾರು ಕುಲುಕುವುದರಿಂದಲೂ ರಬ್ಬರ್ ಕೊಳವೆಗಳು ಹಾಗೂ ಓ-ರಿಂಗುಗಳು ಹಳತಾಗುವುದರಿಂದಲೂ ವರ್ಷಗಳಲ್ಲಿ ಅಲ್ಪಸ್ವಲ್ಪ ಜಿನುಗುವುದು ಸಹಜ. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾದ ಕಾರಿನಲ್ಲಿ ನಿಶ್ಚಯವಾಗಿ ತೂತಿದೆ. ಅಂತಹ ಕಾರಿಗೆ ತೂತು ಹುಡುಕದೆ ಗ್ಯಾಸ್ ತುಂಬುವುದು ಮಾಲೀಕನ ಹಣವನ್ನೂ ಊರಿನ ಗಾಳಿಯನ್ನೂ ಒಟ್ಟಿಗೆ ಹಾಳುಮಾಡುವ ಕೆಲಸ. ಶೀತಕದ ಜೊತೆಯಲ್ಲೇ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಶೀತಕ ಕಡಿಮೆಯಾದಾಗ ಎಣ್ಣೆ ಮರಳದೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಇದನ್ನು ತಪ್ಪಿಸಲೆಂದೇ ಒತ್ತಡ ತೀರಾ ಇಳಿದಾಗ ಕ್ಲಚ್ ಹಿಡಿಯದಂತೆ ತಡೆಯುವ ಸ್ವಿಚ್ಚನ್ನು ಇಟ್ಟಿದ್ದಾರೆ. ಬೇಗ ತಂಪಾಗಲಿ ಎಂದು ಆ ಸ್ವಿಚ್ಚನ್ನು ತಪ್ಪಿಸಿ ನೇರ ತಂತಿ ಎಳೆಯುವುದು ಕಂಪ್ರೆಸರಿನ ಆಯುಷ್ಯಕ್ಕೆ ಕೊಡಲಿ ಹಾಕಿದಂತೆ.

ದುರಸ್ತಿಯ ಸರಿಯಾದ ಕ್ರಮಕ್ಕೆ ಒಂದು ಶಿಸ್ತಿದೆ. ಉಳಿದ ಶೀತಕವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಿಕೊಳ್ಳಬೇಕು. ನೈಟ್ರೋಜನ್ ತುಂಬಿ ಸೋಪಿನ ನೊರೆಯಿಂದಲೋ, ಸೋರಿಕೆ ಪತ್ತೆಯ ಸಾಧನದಿಂದಲೋ ತೂತು ಹುಡುಕಬೇಕು. ಅದನ್ನು ಸರಿಪಡಿಸಿದ ಬಳಿಕ ನಿರ್ವಾತ ಪಂಪಿನಿಂದ ಕೊಳವೆಗಳೊಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಈ ಕೊನೆಯ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವ ಗ್ಯಾರೇಜುಗಳಿವೆ, ಆದರೆ ಅದರ ಅಗತ್ಯ ದೊಡ್ಡದು: ಒತ್ತಡ ಇಳಿದಾಗ ಕುದಿಬಿಂದು ಇಳಿಯುತ್ತದೆ ಎಂಬ ನಿಯಮದಿಂದಲೇ ನಿರ್ವಾತದಲ್ಲಿ, ಕೋಣೆಯ ಉಷ್ಣತೆಯಲ್ಲೇ, ಕೊಳವೆಗಳಲ್ಲಿ ಸೇರಿಕೊಂಡ ತೇವವೂ ಕುದಿದು ಹೊರಬರುತ್ತದೆ. ತೇವ ಉಳಿದರೆ ಅದು ಎಕ್ಸ್‌ಪಾನ್ಶನ್ ವಾಲ್ವಿನ ಕಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಎಣ್ಣೆಯೊಡನೆ ಕೂಡಿ ಲೋಹವನ್ನು ತಿನ್ನುವ ಆಮ್ಲವಾಗುತ್ತದೆ. ಕೊನೆಗೆ, ಚೀಟಿಯಲ್ಲಿ ನಮೂದಿಸಿದಷ್ಟೇ ಶೀತಕವನ್ನು ತೂಗಿ ತುಂಬಬೇಕು. ಹೆಚ್ಚು ತುಂಬಿದರೆ ಹೆಚ್ಚು ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದ ದ್ರವ ಕಂಡೆನ್ಸರಿನ ಜಾಗವನ್ನೇ ಆಕ್ರಮಿಸಿ ಒತ್ತಡವನ್ನು ಏರಿಸುತ್ತದೆ. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಮಿಶ್ರಣಗಳನ್ನು ತುಂಬುವುದಂತೂ ಬೆಂಕಿಯನ್ನು ಕಾರಿನೊಳಕ್ಕೆ ಆಹ್ವಾನಿಸಿದಂತೆ.

ಸೋರಿದ ಶೀತಕ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. 1928ರಲ್ಲಿ ಥಾಮಸ್ ಮಿಡ್ಗ್‌ಲಿ ಮತ್ತು ಸಂಗಡಿಗರು ರೂಪಿಸಿದ ಕ್ಲೋರೋಫ್ಲೋರೋಕಾರ್ಬನ್ ಶೀತಕಗಳು ವಿಷವಲ್ಲ, ಉರಿಯುವುದೂ ಇಲ್ಲ ಎಂಬ ಕಾರಣಕ್ಕೆ ಮನೆಮಾತಾದವು. ಆರ್-12 ದಶಕಗಳ ಕಾಲ ಕಾರುಗಳ ಶೀತಕವಾಗಿತ್ತು. ಅದು ವಾಯುಮಂಡಲದ ಮೇಲ್ಪದರಕ್ಕೇರಿ ಓಝೋನ್ ಪದರವನ್ನು ಕೆಡಿಸಬಲ್ಲದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಿತು. ಭಾರತ 1992ರಲ್ಲಿ ಆ ಒಪ್ಪಂದವನ್ನು ಸೇರಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದು, ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅದು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300 ಪಟ್ಟು ಬಲವಾದದ್ದು. ಸಣ್ಣ ಕಾರಿನ ಅರ್ಧ ಕಿಲೋ ಶೀತಕ ಪೂರ್ತಿಯಾಗಿ ಗಾಳಿಗೆ ಸೋರಿದರೆ ಆಗುವ ಹಾನಿ ಸುಮಾರು 280 ಲೀಟರ್ ಪೆಟ್ರೋಲ್ ಉರಿಸಿದಾಗ ಆಗುವ ಹಾನಿಗೆ ಸಮ. ಹೀಗಾಗಿಯೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿಯಾಗಿ ಇಂತಹ ಶೀತಕಗಳನ್ನೂ ಕಡಿಮೆ ಮಾಡುವ ನಿರ್ಧಾರವಾಯಿತು. 2021ರಲ್ಲಿ ಅದನ್ನು ಅನುಮೋದಿಸಿದ ಭಾರತ 2028ರಲ್ಲಿ ಬಳಕೆಯ ಏರಿಕೆಯನ್ನು ತಡೆದು, 2032ರಿಂದ ಇಳಿಸುತ್ತಾ ಬಂದು, 2047ರ ವೇಳೆಗೆ ಶೇಕಡಾ 85ರಷ್ಟು ಕಡಿತಗೊಳಿಸಬೇಕಾಗಿದೆ. ಯುರೋಪಿನ ಹೊಸ ಕಾರುಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಆರ್-1234ವೈಎಫ್ ಎಂಬ ಶೀತಕ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಒಡೆದುಹೋಗುವುದರಿಂದ ಭೂಮಿಯನ್ನು ಕಾಯಿಸುವ ಅದರ ಶಕ್ತಿ ನಗಣ್ಯ; ಬೆಲೆ ಮಾತ್ರ ದುಬಾರಿ, ಮತ್ತು ಅದಕ್ಕೆ ಅಲ್ಪಮಟ್ಟಿನ ಉರಿಯುವ ಗುಣವೂ ಇದೆ.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕಾರುಗಳ ಸಂಖ್ಯೆ ಮಾತ್ರ ಏರುತ್ತಲೇ ಇದೆ, ಅವುಗಳ ಜೊತೆಗೆ ಎ.ಸಿ. ದುರಸ್ತಿಯ ಅಂಗಡಿಗಳೂ ಹೆಚ್ಚುತ್ತಿವೆ. ಆದ್ದರಿಂದ ಮುಂದಿನ ಬೇಸಿಗೆಯಲ್ಲಿ ಎ.ಸಿ. ತಂಪು ಕೊಡದೆ ಗ್ಯಾರೇಜಿಗೆ ಹೋಗುವ ಪ್ರತಿ ಓದುಗನೂ ‘ಗ್ಯಾಸ್ ತುಂಬಿ’ ಎನ್ನುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಕಂಡೆನ್ಸರ್ ಶುಚಿಯಾಗಿದೆಯೇ, ಸೋರಿಕೆ ಎಲ್ಲಿದೆ, ಒಳಗೆ ಉಳಿದಿರುವ ಶೀತಕವನ್ನು ಗಾಳಿಗೆ ಬಿಡದೆ ಹೀರಿಕೊಳ್ಳುವ ಯಂತ್ರ ಇಲ್ಲಿದೆಯೇ. ಈ ಮೂರಕ್ಕೂ ಸರಿಯಾದ ಉತ್ತರ ಕೊಡುವ ಮೆಕ್ಯಾನಿಕ್ ಇನ್ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಬೇಕು.